ಜನವರಿಯ ಕಡಲನ್ನು ನೋಡಿ ಬರೆದ ನಕ್ಷೆ

ಕಡಲತೀರದಲ್ಲಿ ಹುಲ್ಲುಹಾಸು ಬೆಳೆಸಿ, ಅದಕ್ಕೆ ಟ್ಯಾಂಕರ್‌ನಲ್ಲಿ ಸಿಹಿನೀರು ತಂದು ಹಾಯಿಸುವ ಬುದ್ಧಿ ಯಾರಿಗೆ ಹೊಳೆಯಿತೋ, ಆ ಮಹಾನುಭಾವರನ್ನು ಒಮ್ಮೆ ಕಾಣಬೇಕೆಂಬ ಆಸೆ ನನಗಿದೆ. ಸಾಗರದಿಂದ ಮಾವಿನಗುಂಡಿ, ಗೇರುಸೊಪ್ಪೆಯ ಮೇಲೆ ಘಟ್ಟವಿಳಿದು ನಾವು ಆಗಾಗ ಹೋಗುವ ಕರಾವಳಿಯ ಊರೊಂದರ ಉದ್ಯಾನ ಈಗ ಅಭಿವೃದ್ಧಿಗೊಂಡಿದೆ. ಅಂದರೆ ನೆಲಕ್ಕೆ ಇಂಟರ್‌ಲಾಕ್ ಸಿಮೆಂಟು ಇಟ್ಟಿಗೆ ಬಂದಿದೆ, ಕಲ್ಲಿನ ಗೋಡೆ ಎದ್ದಿದೆ, ಬಣ್ಣ ಬಳಿದ ಸಿಮೆಂಟಿನ ಡಾಲ್ಫಿನ್ ಒಂದು ಬಾಯಿ ತೆರೆದು ಕುಳಿತಿದೆ. ಮರಳಿನ ಮೇಲೆ ತಾನಾಗಿ ಹಬ್ಬಿ ಅದನ್ನು ಹಿಡಿದಿಡುತ್ತಿದ್ದ ನೇರಳೆ ಹೂವಿನ ಬಳ್ಳಿಯನ್ನು ಕಳೆಯೆಂದು ಕಿತ್ತೆಸೆದು, ಆ ಜಾಗದಲ್ಲಿ ಹಾಕಿದ ಹುಲ್ಲು ಉಪ್ಪುಗಾಳಿಗೆ ಅಂಚಿನಿಂದಲೇ ಕೆಂಪಾಗುತ್ತಿದೆ. ಕಡಲ ಬದಿಯ ಸಿಮೆಂಟು ಪಟ್ಟಿಯ ಅಡಿಯಲ್ಲಿ ಮರಳು ಆಗಲೇ ಜಾರಿಹೋಗಿದ್ದು, ಕೈ ಹಾಕಿದರೆ ಮೊಣಕೈವರೆಗೂ ಏನೂ ಸಿಗುವುದಿಲ್ಲ.

ಸಿಗುವುದಾದರೂ ಹೇಗೆ? ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಒಳಗೆಳೆದುಕೊಳ್ಳುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ನಿಧಾನವಾಗಿ ಹಿಂದಕ್ಕೆ ತಂದು ಹಾಕುತ್ತವೆ. ಜನವರಿಯಲ್ಲಿ ಬಂದು ಅಳತೆ ಹಿಡಿದವರಿಗೆ ಕಂಡದ್ದು ಕಡಲು ಹೀಗೆ ತಂದಿಟ್ಟ ಮರಳು. ಅವರು ಅದನ್ನೇ ಖಾಲಿ ನಿವೇಶನವೆಂದು ತಿಳಿದರು. ಹಳ್ಳ ಬೇಸಿಗೆಯಲ್ಲಿ ಒಣಗಿದೆಯೆಂದು ಅದರ ಪಾತ್ರದಲ್ಲೇ ಅಡಿಕೆ ಸಸಿ ಇಡುವವನನ್ನು ನಮ್ಮ ಕಡೆ ಯಾರೂ ಇಂಜಿನಿಯರ್ ಎನ್ನುವುದಿಲ್ಲ. ಗೋಡೆಯಿದೆಯಲ್ಲ ಎನ್ನಬೇಡಿ. ಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನೇ ಕೆದರುತ್ತದೆ, ಗೋಡೆ ಮುಗಿದ ಕಡೆ ಪಕ್ಕದವರ ದಂಡೆಯನ್ನು ಕೊರೆಯುತ್ತದೆ.

ವಯಸ್ಸಾದವರು, ಗಾಲಿಕುರ್ಚಿಯವರು ಮರಳಿನಲ್ಲಿ ನಡೆಯುವುದು ಹೇಗೆ ಎಂದು ಅಲ್ಲಿಯೇ ಒಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರ ಹೊನ್ನಾವರದಲ್ಲೇ ಇದೆ: ಶರಾವತಿ ಕಡಲು ಸೇರುವ ಕಡೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ನಡುವೆ ಕಂಬಗಳ ಮೇಲೆ ಕಾಲುಹಾದಿ ಮಾಡಿದ್ದಾರೆ, ಅಡಿಯಲ್ಲಿ ನೀರು, ಕೆಸರು, ಬೇರು ತಮ್ಮ ಪಾಡಿಗೆ ತಾವಿವೆ. ಅಜ್ಜಿಯನ್ನು ಮುಂದೆ ನಿಲ್ಲಿಸಿ ಎಕರೆಗಟ್ಟಲೆ ಇಂಟರ್‌ಲಾಕ್ ಹಾಸುವುದು ಬಿಲ್ಲಿಗಾಗಿಯೇ ಹೊರತು ಅಜ್ಜಿಗಾಗಿ ಅಲ್ಲ. (ಇಷ್ಟು ಹೊತ್ತಿಗೆ ನನ್ನ ದನಿ ಏರಿತ್ತು, ಮನೆಯವರೆಲ್ಲ ನನ್ನ ಪರಿಚಯವೇ ಇಲ್ಲದವರಂತೆ ಕಾರಿನ ಕಡೆ ನಡೆದಿದ್ದರು.)

ನನಗೆ ನಿಜವಾಗಿ ಸಿಟ್ಟು ಬಂದದ್ದು ಗೇಟಿನ ಪಕ್ಕದ ಫಲಕ ಓದಿದಾಗ: 'ಇಲ್ಲಿ ಮೀನು ಒಣಗಿಸಬಾರದು.' ಸಾರ್ವಜನಿಕ ಉದ್ಯಾನವಂತೆ! ಹಾಗಾದರೆ ಅದೇ ದಂಡೆಯಲ್ಲಿ ಬಂಗುಡೆ, ತಾರ್ಲೆ ಹರವುತ್ತಿದ್ದ ಹೆಂಗಸರು ಯಾವ ಊರಿನ ಸಾರ್ವಜನಿಕರು? ಅವರು ಈಗ ರಸ್ತೆಯಂಚಿನಲ್ಲಿ, ಲಾರಿಗಳ ಧೂಳಿನಲ್ಲಿ ಮೀನು ಹರವಿ ಕುಳಿತಿದ್ದಾರೆ. ದೀಪಗಳ ಕಥೆಯೂ ಇದೇ. ಹೊನ್ನಾವರದ ಸುತ್ತಿನ ದಂಡೆಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿ ರಾತ್ರಿ ಬೆಳಕಿರುವ ದಿಕ್ಕೇ ಕಡಲೆಂದು ನಂಬಿ ಹೊರಡುತ್ತದೆ. ಎತ್ತರದ ಕಂಬದ ಹೈಮಾಸ್ಟ್ ದೀಪ ಉರಿಯುವ ಕಡೆ ಅದು ತಲುಪುವುದು ಪಾರ್ಕಿಂಗ್ ಜಾಗವನ್ನು.

ಘಟ್ಟದ ಮೇಲಿನವನಿಗೆ ಕಡಲ ಉಸಾಬರಿ ಯಾಕೆ ಎನ್ನುವವರಿಗೆ ಒಂದು ಮಾತು. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ, ಅದರ ಮೇಲ್ಭಾಗದಿಂದ ಹೊಳೆ ಹೊತ್ತು ತರುವ ಮರಳು ಅಣೆಕಟ್ಟಿನ ಹಿಂದೆಯೇ ನಿಲ್ಲುತ್ತಿದೆ. ಆ ಅಣೆಕಟ್ಟಿಗೆ ಊರು ಬಿಟ್ಟವರು ನಮ್ಮವರು, ಅದರ ಕರೆಂಟು ಉರಿಸುವವರು ನಾವೆಲ್ಲ. ಕೆಳಗಿನ ದಂಡೆಯ ಮರಳಿನ ಬಗ್ಗೆ ನಾವು ಮಾತಾಡದಿದ್ದರೆ ಹೇಗೆ?

ಎರಡನೇ ಹಂತದ ಕಾಮಗಾರಿಯ ಫಲಕ ಆಗಲೇ ಬಂದಿದೆ. ಇನ್ನಷ್ಟು ಇಂಟರ್‌ಲಾಕ್, ಇನ್ನೊಂದು ಗೋಡೆ. ಆ ಕೆಲಸವನ್ನು ಆಷಾಢದವರೆಗೆ ತಡೆದಿಡಲಿ. ಕಡಲು ಎಲ್ಲಿಯವರೆಗೆ ಬರುತ್ತದೆಂದು ಮೀನು ಹರವುವ ಆ ಹೆಂಗಸರನ್ನೇ ಕರೆದು ಕೇಳಿ, ಅಲ್ಲಿ ಗೂಟ ಹೊಡೆಯಲಿ. ಬೇಕಾದ್ದನ್ನೆಲ್ಲ ಗೂಟದ ಈಚೆಗೆ ಕಟ್ಟಿಕೊಳ್ಳಲಿ, ಆ ಡಾಲ್ಫಿನ್ನನ್ನೂ ಸೇರಿಸಿ.