ವಿವಿ ಕಚೇರಿಯ ಏಣಿ ಮತ್ತು ಟಿಪ್ಪಣಿ ಹಾಳೆ

ನಮ್ಮ ಶಿವಮೊಗ್ಗ ಕಡೆ ವಿಶ್ವವಿದ್ಯಾಲಯದ ನೌಕರಿ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಮೇಷ್ಟ್ರ ಹುದ್ದೆಯ ಮೇಲೆ. ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆ ಅಂತ ಐದಾರು ವರ್ಷ ಕಳೆದು, ಅತಿಥಿ ಉಪನ್ಯಾಸಕರಾಗಿ ತೀರ್ಥಹಳ್ಳಿ, ಸಾಗರ ಅಂತ ಬಸ್ಸು ಹತ್ತಿ ಇಳಿಯುವವರು ಎಷ್ಟೋ ಜನ. ಅದೇ ಕ್ಯಾಂಪಸ್ಸಿನ ಆಡಳಿತ ಭವನದಲ್ಲಿ ಇನ್ನೊಂದು ಏಣಿ ಇದೆ. ಅದರ ಮೆಟ್ಟಿಲು ಎಷ್ಟು, ಯಾವ ಮೆಟ್ಟಿಲಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ ಅಂತ ಹೇಳುವವರು ಕಡಿಮೆ.

ರಾಜ್ಯ ವಿವಿಗಳಲ್ಲಿ ಕೆಳಗಿನಿಂದ ಲೆಕ್ಕ ಹಾಕಿದರೆ ದ್ವಿತೀಯ ದರ್ಜೆ ಸಹಾಯಕ (ಎಸ್‌ಡಿಎ), ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ), ಅಧೀಕ್ಷಕ, ಸಹಾಯಕ ಕುಲಸಚಿವ (ಅಸಿಸ್ಟೆಂಟ್ ರಿಜಿಸ್ಟ್ರಾರ್), ಉಪಕುಲಸಚಿವ. ಎಸ್‌ಡಿಎಗೆ ಪಿಯುಸಿ, ಎಫ್‌ಡಿಎಗೆ ಪದವಿ. ಅದರಾಚೆಗಿನ ಕುಲಸಚಿವರ ಕುರ್ಚಿ ಸಾಮಾನ್ಯವಾಗಿ ಪ್ರಾಧ್ಯಾಪಕರಿಗೋ ಐಎಎಸ್, ಕೆಎಎಸ್ ಅಧಿಕಾರಿಗಳಿಗೋ ಹೋಗುತ್ತದೆ. ಮೌಲ್ಯಮಾಪನ ಕುಲಸಚಿವರೂ ಹೆಚ್ಚಾಗಿ ಪ್ರಾಧ್ಯಾಪಕರೇ. ಅಂದರೆ ಕಚೇರಿ ಸಿಬ್ಬಂದಿಗೆ ಮಹಡಿ ಉಪಕುಲಸಚಿವ ಹುದ್ದೆಗೇ ಮುಗಿಯಿತು. ಇದನ್ನು ಮೊದಲ ದಿನವೇ ತಿಳಿದುಕೊಂಡರೆ ಆಮೇಲೆ ಕೊರಗು ಇರುವುದಿಲ್ಲ.

ಆದರೆ ಬಾಗಿಲು ಇದೊಂದೇ ಅಲ್ಲ. ಕೇಂದ್ರೀಯ ವಿವಿಗಳಲ್ಲಿ ಸಹಾಯಕ ಕುಲಸಚಿವ ಹುದ್ದೆಗೆ ನೇರ ನೇಮಕಾತಿ ಇದೆ: ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ವೇತನ ಶ್ರೇಣಿ ಹಂತ 10, ಮೂಲವೇತನ 56,100ರಿಂದ ಶುರು. ಅಲ್ಲಿ ಐದು ವರ್ಷ ಕೆಲಸ ಮಾಡಿದವರು ಹಂತ 12ರ ಉಪಕುಲಸಚಿವ ಹುದ್ದೆಗೆ ಅರ್ಜಿ ಹಾಕಬಹುದು. ಶೇ. 55 ಅಂಕ ಇರುವ ಎಂ.ಕಾಂ ಪದವೀಧರರು ಎಸ್‌ಡಿಎ ಪರೀಕ್ಷೆಗಷ್ಟೇ ಓದುತ್ತಾ ಕೂರುವುದು ನನ್ನ ಲೆಕ್ಕದಲ್ಲಿ ತಪ್ಪು. ಎರಡೂ ಕಡೆ ಕೈ ಹಾಕಿ. ಇಂಗ್ಲಿಷ್‌ನಲ್ಲಿ ಕಚೇರಿ ಪತ್ರ ಬರೆಯುವ ಅಭ್ಯಾಸ ಮಾತ್ರ ಬೇಕೇ ಬೇಕು.

ಹೊರಗುತ್ತಿಗೆಯಲ್ಲಿ ಸೇರಿದವರಿಗೆ ಒಂದು ಮಾತು. ಏಜೆನ್ಸಿ ಪಿಎಫ್ ಕಟ್ಟುತ್ತಿದೆಯೋ ಇಲ್ಲವೋ ಅಂತ ನಿಮ್ಮ ಪಿಎಫ್ ಖಾತೆಯ ಯುಎಎನ್ ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ನೋಡಿ. ಈ ಅನುಭವವೇ ಮುಂದೆ ಹುದ್ದೆ ಕೊಡಿಸುತ್ತದೆ ಅಂತ ನಂಬಿ ಕೂರಬೇಡಿ. ಮೇಲಿನ ಹುದ್ದೆಗಳ ಅಧಿಸೂಚನೆಯಲ್ಲಿ ಕೇಳುವುದು ಸಾಮಾನ್ಯವಾಗಿ ಸಮಾನ ಹುದ್ದೆಯ ಅನುಭವ. ಕೆಲಸ ಕಲಿಯುವುದಕ್ಕೆ ಜಾಗ ಒಳ್ಳೆಯದೇ, ಆದರೆ ಪರೀಕ್ಷೆಯ ಓದು ನಿಲ್ಲಬಾರದು.

ಇನ್ನು ಒಳಗೆ ಹೋದ ಮೇಲೆ. ಇಲ್ಲಿ ಮನುಷ್ಯನ ಬೆಲೆ ಗೊತ್ತಾಗುವುದು ಟಿಪ್ಪಣಿ ಹಾಳೆಯಲ್ಲಿ. ಕಡತಕ್ಕೆ ಎರಡು ಭಾಗ, ಒಂದು ಟಿಪ್ಪಣಿ, ಇನ್ನೊಂದು ಪತ್ರವ್ಯವಹಾರ. ಎರಡಕ್ಕೂ ಪುಟಸಂಖ್ಯೆ ಬೇಕು, ಟಿಪ್ಪಣಿಗೆ ಕಂಡಿಕೆ (ಪ್ಯಾರಾ) ಸಂಖ್ಯೆಯೂ ಬೇಕು. ಒಳ್ಳೆಯ ಟಿಪ್ಪಣಿಯಲ್ಲಿ ಬಂದ ಕೋರಿಕೆ ಏನು, ದಾಖಲೆ ಎಷ್ಟನೇ ಪುಟದಲ್ಲಿದೆ, ನಿಯಮ ಏನು ಹೇಳುತ್ತದೆ, ಹಿಂದೆ ಇಂಥದ್ದಕ್ಕೆ ಏನು ಮಾಡಿದ್ದರು, ಯಾವ ಲೆಕ್ಕಶೀರ್ಷಿಕೆಯಲ್ಲಿ ದುಡ್ಡಿದೆ, ಮಂಜೂರು ಮಾಡುವ ಅಧಿಕಾರ ಯಾರಿಗಿದೆ ಎಂಬುದೆಲ್ಲ ಇರುತ್ತದೆ. ಕೊನೆಗೆ, ಹೀಗೆ ಮಾಡಬಹುದು ಅಂತ ಒಂದು ಸ್ಪಷ್ಟ ಪ್ರಸ್ತಾವ. ಬರೀ 'ಆದೇಶಕ್ಕಾಗಿ ಮಂಡಿಸಿದೆ' ಅಂತ ಬರೆದು ಕಳಿಸಿದರೆ ಮೇಲಿನಿಂದ 'ಚರ್ಚಿಸಿ' ಅಂತ ಒಂದೇ ಪದ ಬರೆಸಿಕೊಂಡು ಕಡತ ವಾಪಸ್ ಬರುತ್ತದೆ. ಆ 'ಚರ್ಚಿಸಿ'ಗೆ ಹದಿನೈದು ದಿನ ಹೋಗುತ್ತದೆ.

ಮಾರ್ಚ್ ತಿಂಗಳ ಉದಾಹರಣೆ ತೆಗೆದುಕೊಳ್ಳಿ. ಯಾವುದೋ ವಿಭಾಗದ ಅನುದಾನ 31ಕ್ಕೆ ಮುಗಿದುಹೋಗುತ್ತದೆ, 40 ಕುರ್ಚಿ ಬೇಕು. ಟೆಂಡರಿಗೆ ಸಮಯವಿಲ್ಲ, ಬಿಲ್ಲನ್ನು ನಾಲ್ಕು ತುಂಡು ಮಾಡಿ ಅಂತ ಫೋನ್ ಬರುತ್ತದೆ. ಟೆಂಡರ್ ತಪ್ಪಿಸಲು ಖರೀದಿಯನ್ನು ತುಂಡು ಮಾಡುವುದನ್ನೇ ರಾಜ್ಯದ 1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ ಒಪ್ಪುವುದಿಲ್ಲ. ಆಡಿಟ್‌ನವರು ಒಂದೇ ವಾರದ ನಾಲ್ಕು ಬಿಲ್ಲನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆಕ್ಷೇಪಣೆಯ ಪ್ಯಾರಾ ಗ್ಯಾರಂಟಿ. ಫೋನ್ ಮಾಡಿದವರ ಹೆಸರು ಕಡತದಲ್ಲಿ ಇರುವುದಿಲ್ಲ, ಇರುವುದು ಕಡತ ನಡೆಸುವ ಕೇಸ್‌ವರ್ಕರ್ ಸಹಿ. ಆದ್ದರಿಂದ ಬಾಯಿಮಾತಿನ ಆದೇಶ ಬಂದರೆ 'ಮೌಖಿಕ ಸೂಚನೆಯ ಮೇರೆಗೆ' ಅಂತ ಬರೆದು, ಯಾರದು, ಯಾವ ದಿನ ಅಂತ ಸೇರಿಸಿ, ನಿಯಮವನ್ನೂ ಅದರ ಕೆಳಗೇ ನಮೂದಿಸಿ ಮಂಡಿಸಿ. ಮುನಿಸು ಎರಡು ದಿನದ್ದು. ಆಡಿಟ್ ಪ್ಯಾರಾ ನಿವೃತ್ತಿಯ ದಿನವೂ ಎದುರಿಗೆ ನಿಂತಿರುತ್ತದೆ.

ಮೊದಲ ಮೂರು ವರ್ಷ ಯಾವ ಶಾಖೆ ಒಳ್ಳೆಯದು? ಪರೀಕ್ಷಾಂಗ. ಅಲ್ಲಿಗೆ ಹೋಗಲು ಯಾರಿಗೂ ಮನಸ್ಸಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ವಿವಿ ಹೇಗೆ ನಡೆಯುತ್ತದೆ ಅಂತ ಪೂರ್ತಿ ಕಾಣುವುದು ಅಲ್ಲಿ ಮಾತ್ರ. ಉತ್ತರಪತ್ರಿಕೆಯ ಬಂಡಲ್ ಬಂದ ಕೂಡಲೇ ಗೈರುಹಾಜರಿ ಪಟ್ಟಿಯ ಜೊತೆ ಎಣಿಸಿ ತಾಳೆ ನೋಡಬೇಕು. ಒಂದು ಕಡಿಮೆಯಿದ್ದರೆ ಅಂದೇ ಪರೀಕ್ಷಾ ಕೇಂದ್ರಕ್ಕೆ ಪತ್ರ ಹೋಗಬೇಕು. ನೋಂದಣಿ ಸಂಖ್ಯೆ ಮರೆಮಾಡಿ ಗುಪ್ತ ಸಂಖ್ಯೆ ಹಾಕುವ ಕೋಡಿಂಗ್ ಆದ ಮೇಲೆ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಫಲಿತಾಂಶ ತಡೆಹಿಡಿಯಲು ದೊಡ್ಡ ಕಾರಣ ಬಹಳ ಸಣ್ಣದಾಗಿರುತ್ತದೆ: ಕಾಲೇಜು ಆಂತರಿಕ ಅಂಕವನ್ನು ವಿವಿ-ಕಾಲೇಜುಗಳ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಏರಿಸಿರುವುದಿಲ್ಲ. ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲು ಬಾಕಿ ಕಾಲೇಜುಗಳ ಪಟ್ಟಿ ತೆಗೆದು ಫೋನ್ ಮಾಡುವ ಗುಮಾಸ್ತ ಇದ್ದರೆ ಅರ್ಧ ಗಲಾಟೆ ತಪ್ಪುತ್ತದೆ. ಇನ್ನು ಹೆಸರಿನ ತಪ್ಪು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೇ ಮೂಲ ಅಂತ ಪ್ರವೇಶದ ಹಂತದಲ್ಲೇ ಹಿಡಿದು ಸರಿಮಾಡಿಸದಿದ್ದರೆ, ಒಂದು ಇನಿಷಿಯಲ್ಲಿಗಾಗಿ ಶೃಂಗೇರಿಯಿಂದಲೋ ನಿಟ್ಟೂರಿನಿಂದಲೋ ಮಗು ಕುವೆಂಪು ವಿವಿ ಇರುವ ಶಂಕರಘಟ್ಟಕ್ಕೆ ಬರಬೇಕು. ಶಿವಮೊಗ್ಗ ಪೇಟೆಯಿಂದಲೇ ಸುಮಾರು 28 ಕಿಲೋಮೀಟರ್. ಆ ಊರುಗಳಿಂದ ಬಸ್ಸು ಬದಲಿಸಿ ಬರುವಷ್ಟರಲ್ಲಿ ಊಟದ ಬಿಡುವು ಆಗಿರುತ್ತದೆ.

ಮಾಹಿತಿ ಹಕ್ಕು ಅರ್ಜಿ ಬಂದರೆ ಹೆದರುವವರು ಜಾಸ್ತಿ. ದಿನ ಎಣಿಸಿದರೆ ಸಾಕು. ಬೇರೆ ಪ್ರಾಧಿಕಾರಕ್ಕೆ ಸೇರಿದ್ದಾದರೆ 5 ದಿನದೊಳಗೆ ವರ್ಗಾಯಿಸಬೇಕು, ನಮ್ಮದಾದರೆ 30 ದಿನದೊಳಗೆ ಉತ್ತರ. ತಡವಾದರೆ ದಿನಕ್ಕೆ 250, ಗರಿಷ್ಠ 25,000 ರೂಪಾಯಿ ದಂಡ. ಮಾಹಿತಿ ಅಧಿಕಾರಿ ಲಿಖಿತವಾಗಿ ಕೇಳಿದ ಮೇಲೂ ಕಡತ ಕೊಡದ ನೌಕರನನ್ನೇ ಕಲಂ 5(5)ರ ಪ್ರಕಾರ ಮಾಹಿತಿ ಅಧಿಕಾರಿ ಎಂದು ಪರಿಗಣಿಸಬಹುದು, ದಂಡ ಅವನ ಕಡೆಗೂ ತಿರುಗಬಹುದು. ವಿದ್ಯಾರ್ಥಿ ತನ್ನ ಉತ್ತರಪತ್ರಿಕೆ ಕೇಳಿದರೆ ಕೊಡುವುದಿಲ್ಲ ಎನ್ನುವಂತಿಲ್ಲ. ಅದು 2011ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಮಾತು.

ನಮ್ಮ ಮಳೆಗಾಲದ ಬಗ್ಗೆ ಯಾವ ಕೈಪಿಡಿಯೂ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಹಿಯ ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಜೆಲ್ ಪೆನ್ನಿನ ಅಕ್ಷರ ಕಲಸಿಹೋಗುತ್ತದೆ. ಖಾಯಂ ದಾಖಲೆಗೆ ಬಾಲ್ ಪೆನ್ನೇ ಸರಿ. ರ‍್ಯಾಕ್ ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ನಾಲ್ಕು ಬೆರಳು ಈಚೆ ಇರಲಿ. ಗೆದ್ದಲು ಗೋಡೆ ಹಿಡಿದೇ ಬರುವುದು.

ಕೊನೆಗೆ ಸ್ವಂತ ಕಡತ. ಊರವರ ಕಡತವನ್ನೆಲ್ಲ ನೀಟಾಗಿ ಇಡುವವರು ತಮ್ಮ ಸೇವಾ ಪುಸ್ತಕವನ್ನು ಹತ್ತು ವರ್ಷ ತೆರೆದು ನೋಡಿರುವುದಿಲ್ಲ. ನೇಮಕಾತಿ ಆದೇಶ, ಕೆಲಸಕ್ಕೆ ಹಾಜರಾದ ವರದಿ, ಪರೀಕ್ಷಾರ್ಥ ಅವಧಿ ಮುಗಿದ ಘೋಷಣೆಯ ಆದೇಶ, ಇಲಾಖಾ ಪರೀಕ್ಷೆ ಮತ್ತು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾದ ದಾಖಲೆ, ವರ್ಷವರ್ಷದ ಆಸ್ತಿ ವಿವರ, ಎಲ್ಲದರ ಪ್ರತಿ ಮನೆಯಲ್ಲಿರಲಿ. ಹೆಚ್ಚು ಜನ ಎಡವುವುದು ಪರೀಕ್ಷಾರ್ಥ ಅವಧಿಯ ಘೋಷಣೆಯಲ್ಲಿ. ಅವಧಿ ಮುಗಿದರೆ ತಾನಾಗಿಯೇ ಆಯಿತು ಅಂದುಕೊಳ್ಳುತ್ತಾರೆ. ಆದೇಶ ಹೊರಡದೆ ಬಡ್ತಿಯ ಪಟ್ಟಿ ಬಂದಾಗ ಹೆಸರು ಕೆಳಗಿರುತ್ತದೆ. ಅವಧಿ ಮುಗಿಯುವ ತಿಂಗಳೇ ಮನವಿ ಕೊಡಿ. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಹೊರಬಿದ್ದ ದಿನವೇ ಸೇರಿದ ದಿನಾಂಕ, ಮೀಸಲಾತಿ ಪ್ರವರ್ಗ ಎರಡನ್ನೂ ಬೆರಳಿಟ್ಟು ನೋಡಿ. ತಪ್ಪಿದ್ದರೆ ಕೊಟ್ಟ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಟಪಾಲು ಶಾಖೆಯಲ್ಲಿ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಎರಡನ್ನೂ ಹಾಕಿಸಿಕೊಂಡೇ ಹೊರಗೆ ಬನ್ನಿ.