ಕೂತ್ಕಳಿ

ಹಾಸನದಿಂದ ಸಕಲೇಶಪುರಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಅಷ್ಟು ಹೊತ್ತೂ ನಾನು ಒಂದೇ ಪದ ಜಪಿಸುತ್ತಿದ್ದೆ. ಸಿಯೆಂತೆಸೆ, ಸಿಯೆಂತೆಸೆ, ಸಿಯೆಂತೆಸೆ. ಬಾಳ್ಳುಪೇಟೆ ಬರುವಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರಿಗೆ ತಡೆಯಲಾಗಲಿಲ್ಲ.

"ಯಾವ ದೇವ್ರುದು ಸಾರ್ ಮಂತ್ರ?"

"ಮಂತ್ರ ಅಲ್ಲ. 'ಕೂತ್ಕೊಳ್ಳಿ' ಅಂತ" ಅಂದೆ.

ಅವರು ಆಗಲೇ ಕೂತಿದ್ದರು. ನನ್ನನ್ನೊಮ್ಮೆ ನೋಡಿ ಕಿಟಕಿ ಕಡೆ ತಿರುಗಿಕೊಂಡರು.

ವಿಷಯ ಇಷ್ಟೇ. ಅಣ್ಣನ ತೋಟದ ಮನೆಯಲ್ಲಿ ಎರಡು ಕೋಣೆ ಹೋಂಸ್ಟೇಗೆ ಕೊಟ್ಟಿದ್ದಾರೆ. ಸ್ಪೇನ್‌ನಿಂದ ವಯಸ್ಸಾದ ಗಂಡ ಹೆಂಡತಿ ಬರುವವರಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನನಗೋ ಆರು ತಿಂಗಳಿಂದ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುವ ಚಟ. "ಬಾರೋ, ನಿನ್ನ ವಿದ್ಯೆ ಒಂದ್ಸಲನಾದ್ರೂ ಉಪಯೋಗಕ್ಕೆ ಬರ್ಲಿ" ಅಂತ ಅಣ್ಣ ಫೋನ್ ಮಾಡಿದ್ದ.

ಮನೆಗೆ ಬಂದವರಿಗೆ ನಾವು ಮೊದಲು ಹೇಳುವುದು ಏನು? "ಬನ್ನಿ, ಕೂತ್ಕಳಿ." ಹೆಸರು, ಊರು, ಬಂದ ಕೆಲಸ ಎಲ್ಲ ಆಮೇಲೆ. ಹಾಗಾಗಿ ಅದನ್ನೇ ಕಲಿತುಬಿಡೋಣ ಅಂದುಕೊಂಡೆ. ಆ ಒಂದು ಪದದೊಳಗೆ ಮೂರು ಗಂಟು ಇರುತ್ತವೆ ಅಂತ ಯಾರಿಗೆ ಗೊತ್ತಿತ್ತು!

ಮೂಲ ಕ್ರಿಯಾಪದ 'ಸೆಂತಾರ್ಸೆ'. ಸೆಂತಾರ್ ಅಂದರೆ ಕೂರಿಸು. ಬಾಲದಲ್ಲಿರುವ 'ಸೆ' ಅಂದರೆ ತನ್ನನ್ನು. ತನ್ನನ್ನು ತಾನೇ ಕೂರಿಸಿಕೊಂಡರೆ ಕೂತ ಹಾಗೆ. ಇದು ಮೊದಲ ಗಂಟು. ಎರಡನೆಯದು, ಹೇಳುವಾಗ ದನಿಯ ಒತ್ತು ಬಿದ್ದ ಕಡೆ ಧಾತುವಿನ 'ಎ' ಸೀಳಿ 'ಇಯೆ' ಆಗುತ್ತದೆ. ಸೆಂತ್ ಹೋಗಿ ಸಿಯೆಂತ್. 'ನಾವು' ಅನ್ನುವಾಗ ಒತ್ತು ಬಾಲಕ್ಕೆ ಜಾರುತ್ತದೆ, ಆಗ ಸೀಳುವುದಿಲ್ಲ, 'ಸೆಂತೆಮೋಸ್'. ಗೆಳೆಯರ ಗುಂಪಿಗೆ 'ನೀವೆಲ್ಲ' ಅನ್ನುವಾಗಲೂ ಅಷ್ಟೇ. ನಾನು, ನೀನು, ಅವನು, ನಾವು, ನೀವೆಲ್ಲ, ಅವರೆಲ್ಲ ಅಂತ ಆರು ರೂಪಗಳನ್ನು ಮೇಲಿಂದ ಕೆಳಕ್ಕೆ ಎರಡು ಸಾಲಲ್ಲಿ ಬರೆದು, ಬದಲಾಗುವ ನಾಲ್ಕರ ಸುತ್ತ ಗೆರೆ ಎಳೆದರೆ ಬೂಟಿನ ಆಕಾರ ಬರುತ್ತದೆ. ಕಲಿಸುವವರು ಹೀಗೇ ನೆನಪಿಟ್ಟುಕೊಳ್ಳಿ ಅಂತಾರೆ. ನನಗೆ ಕಂಡದ್ದು ಮಾತ್ರ ಇಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಿ ಅಣ್ಣ ಮಳೆಗಾಲದಲ್ಲಿ ಹಾಕುವ ಗಂಬೂಟು.

ಮೂರನೆಯ ಗಂಟು ಸಬ್ಜಂಕ್ಟಿವ್. ನಡೆಯುತ್ತಿರುವುದನ್ನು ಹೇಳಲು ಒಂದು ರೂಪ, ನಡೆಯಲಿ ಅಂತ ಬಯಸಲು, ನಡೆದೀತಾ ಅಂತ ಅನುಮಾನಪಡಲು ಇನ್ನೊಂದು. ದೊಡ್ಡವರಿಗೆ 'ಕೂತ್ಕೊಳ್ಳಿ' ಅನ್ನಲು ಈ ಎರಡನೇ ರೂಪವೇ ಬೇಕು. ಸ್ಪ್ಯಾನಿಷ್‌ನ 'ತಾವು' ಅಂದರೆ 'ಉಸ್ತೆದ್'. 'ತಮ್ಮ ಕೃಪೆ' ಅನ್ನುವಂಥ ಎರಡು ಪದ ಬಾಯಲ್ಲಿ ಸವೆದು ಆದದ್ದು. ಹಾಗಾಗಿ ಎದುರಿಗೆ ನಿಂತವರಿಗೂ 'ಅವರು' ಎನ್ನುವ ರೂಪವನ್ನೇ ಹಚ್ಚಬೇಕು. ಅಂದರೆ ಅಪ್ಪಣೆ ಕೊಡುವ ಹಾಗಿಲ್ಲ, 'ಅವರು ಕೂರಲಿ' ಅಂತ ಬಯಸಬೇಕು. ನನಗಿದು ಬಹಳ ಹಿಡಿಸಿತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲೇ 'ಸೆಂತಿರ್ಸೆ' ಅಂತ ಇನ್ನೊಂದು ಕ್ರಿಯಾಪದ ಕೂತಿದೆ. ಅದರರ್ಥ ಅನ್ನಿಸು. 'ಸೆ ಸಿಯೆಂತೆ' ಅಂದರೆ ಒಂದರಲ್ಲಿ 'ಅವರು ಕೂರಲಿ', ಇನ್ನೊಂದರಲ್ಲಿ 'ಅವರಿಗೆ ಅನ್ನಿಸುತ್ತದೆ'. 'ಸೆ ಸಿಯೆಂತಾ' ಅಂದರೆ ಸರಿಯಾಗಿ ತಿರುವುಮುರುವು. 'ಮೆ ಸಿಯೆಂತೊ' ಅಂದರೆ ಕೂರುತ್ತೇನೆ ಅಂತಲೂ ಆಯಿತು, ನನಗೆ ಅನ್ನಿಸುತ್ತಿದೆ ಅಂತಲೂ ಆಯಿತು. ಅವಳಿ ಮಕ್ಕಳು ಅಂಗಿ ಬದಲಾಯಿಸಿಕೊಂಡು ಮೇಷ್ಟ್ರನ್ನು ಆಟ ಆಡಿಸುವ ಹಾಗೆ. ಸಾಲದ್ದಕ್ಕೆ ಅಲ್ಲಿಯ 'ಕ್ಷಮಿಸಿ' ಹುಟ್ಟಿದ್ದೂ ಇದೇ ಮನೆಯಲ್ಲಿ. 'ಲೊ ಸಿಯೆಂತೊ.'

ಜೀಪು ಬಂತು. ಅತಿಥಿಗಳಿಬ್ಬರೂ ಇಳಿದರು. ಒಂದು ಗಂಟೆಯ ಜಪ ಒಂದೇ ಕ್ಷಣದಲ್ಲಿ ಮಾಯ. ಜಗಲಿಯ ಬೆತ್ತದ ಕುರ್ಚಿ ತೋರಿಸಿ, ನಗುತ್ತಾ, ಜೋರಾಗಿ ಹೇಳಿದೆ: "ಲೊ ಸಿಯೆಂತೊ!"

ಅವರು ಕುರ್ಚಿ ನೋಡಿದರು. ಕೂರಲಿಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಹೇಳಿದೆ. ಆ ಯಜಮಾನರು ಬಗ್ಗಿ ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿದರು. ಕುರ್ಚಿ ತೋರಿಸಿ ಎರಡೆರಡು ಸಲ ಕ್ಷಮೆ ಕೇಳಿದರೆ ಯಾರಾದರೂ ಇನ್ನೇನು ಅಂದುಕೊಳ್ಳುತ್ತಾರೆ? ಕಾಲು ಗಟ್ಟಿ ಇದೆ, ಪರವಾಗಿಲ್ಲ ಎನ್ನುವ ಹಾಗೆ ನನ್ನ ಭುಜ ತಟ್ಟಿದರು. ನಿಂತೇ ಇದ್ದರು.

ಅಷ್ಟರಲ್ಲಿ ಅಮ್ಮ ಬೆಲ್ಲದ ಕಾಫಿ ತಂದಳು. ತಟ್ಟೆಯನ್ನು ನನ್ನ ಕೈಗಿಟ್ಟು, ಸೆರಗಿನಿಂದ ಬೆಂಚನ್ನು ಒಮ್ಮೆ ಒರೆಸಿ, ಅಂಗೈಯಲ್ಲಿ ತಟ್ಟಿ, "ಕೂತ್ಕಳಿ" ಅಂದಳು. ಇಬ್ಬರೂ ಕೂತರು.

ನನಗೆ ಹೊಟ್ಟೆ ಉರಿದದ್ದು ನಿಜ. ಆದರೆ ಅಮ್ಮನ ಪದವನ್ನು ಬಿಡಿಸಿ ನೋಡಿದರೆ ಅಲ್ಲೂ ಅದೇ ಮೂರು ಗಂಟು! 'ಕೂರು' ರೂಪ ಬದಲಿಸಿ 'ಕೂತು' ಆಗಿದೆ. 'ಕೊಳ್ಳು' ಬಂದು ಕೆಲಸವನ್ನು ಕೂರುವವರ ಮೇಲೆಯೇ ತಿರುಗಿಸಿದೆ. ಕೊನೆಗೆ ಮರ್ಯಾದೆಯ 'ಇ'. ದೂರದಲ್ಲಿರುವವರ ಮಾತಾದರೆ 'ಕೂತ್ಕೊಳ್ಳಲಿ'. ಏಳು ಎದ್ದ, ಬೀಳು ಬಿದ್ದ, ಸಾಯು ಸತ್ತ ಅಂತ ನಾವು ದಿನಾ ಧಾತು ಬದಲಿಸುತ್ತಲೇ ಇರುತ್ತೇವೆ, ಯಾವ ಬೂಟೂ ಇಲ್ಲದೆ. ಹೊಯ್ಸಳರ ಕಾಲದ ಕೇಶಿರಾಜ 13ನೇ ಶತಮಾನದಲ್ಲೇ ಕನ್ನಡಕ್ಕೆ ವ್ಯಾಕರಣ ಬರೆದಿಟ್ಟ. ನೆಬ್ರಿಹಾ ಸ್ಪ್ಯಾನಿಷ್‌ಗೆ ಬರೆದದ್ದು 1492ರಲ್ಲಿ. ನಾವು ಎರಡು ನೂರು ವರ್ಷ ಮುಂದೆ. ನಾನು ಮಾತ್ರ ಎಸ್ಸೆಸ್ಸೆಲ್ಸಿಯಲ್ಲಿ ವಿಧ್ಯರ್ಥದ ಪ್ರಶ್ನೆ ಬಿಟ್ಟು ಬಂದವನು.

ಸಂಜೆ ಮೋಡ ಕಟ್ಟಿತು. ಜನವರಿ ಅದು, ಕಣದ ತುಂಬ ಕಾಫಿ ಹರಡಿತ್ತು. "ಇವತ್ತೊಂದಿನ ಬರ್ದೇ ಇರ್ಲಿ ಮಾರಾಯ" ಅಂತ ಅಣ್ಣ ಆಕಾಶ ನೋಡಿದ. ಮಾರ್ಚಿನಲ್ಲಿ ಇವನೇ, ಕಾಫಿ ಗಿಡ ಹೂ ಬಿಡಲು, "ಹೂ ಮಳೆ ಬರ್ಲಿ" ಅಂತಾನೆ. ಅದು ಬಂದರೆ, ಹೂ ಕಾಯಿ ಕಟ್ಟಲು, "ಬ್ಯಾಕಿಂಗ್ ಮಳೆನೂ ಬರ್ಲಿ". ಹಣ್ಣಾದರೆ "ರೇಟು ಇಳೀದೇ ಇರ್ಲಿ". ತೋಟದವರ ಬದುಕು ಪೂರ್ತಿ ಸಬ್ಜಂಕ್ಟಿವ್‌ನಲ್ಲೇ ನಡೆಯುತ್ತೆ, ಅಲ್ವಾ?

ಮೊಬೈಲ್ ನೋಡಿಕೊಂಡು ಅತಿಥಿಗಳಿಗೆ ಹೇಳಿದೆ: "ಒಹಲಾ ನೊ ಯುವೇವಾ." ಮಳೆ ಬಾರದಿರಲಿ. ಇಬ್ಬರ ಮುಖವೂ ಅರಳಿತು. 'ಒಹಲಾ' ಅರಬ್ಬಿಯಿಂದ ಹೋದ ಪದ, ದೇವರು ಮನಸ್ಸು ಮಾಡಿದರೆ ಅಂತ. ಅದರ ಹಿಂದೆ ಸಬ್ಜಂಕ್ಟಿವ್ ಬರಲೇಬೇಕು. ನಮ್ಮ ಗಿರಿಗೆ ಬಾಬಾ ಬುಡನ್ ಏಳು ಕಾಫಿ ಬೀಜ ತಂದದ್ದು ಯೆಮೆನ್‌ನಿಂದ ಅಂತಾರೆ. ಅರಬರ ಕಡೆಯಿಂದ ಅವರಿಗೆ 'ಬರಲಿ' ಹೋಯಿತು, ನಮಗೆ 'ಬರಲಿ' ಅನ್ನಿಸುವ ಬೆಳೆ ಬಂತು.

ರಾತ್ರಿ ಕಡುಬು, ಕೋಳಿ ಸಾರು. ಅಮ್ಮ ಎಂದಿನಂತೆ ಬಾಗಿಲಿಗೆ ಒರಗಿ ನಿಂತು ಬಡಿಸುತ್ತಿದ್ದಳು. ಸ್ಪೇನ್‌ನಿಂದ ಬಂದ ಹಿರಿಯಾಕೆ ಇದನ್ನು ಗಮನಿಸಿರಬೇಕು. ಪಕ್ಕದ ಕುರ್ಚಿ ಎಳೆದು, ಥೇಟ್ ಅಮ್ಮನ ಹಾಗೆ ಅಂಗೈಯಲ್ಲಿ ತಟ್ಟಿ ಹೇಳಿದರು: "ಸಿಯೆಂತೆಸೆ, ಸೆನ್ಯೋರಾ."

ಎಷ್ಟು ಸಲೀಸು!

"ನಿನ್ನೇ ಕೂತ್ಕೊ ಅಂತಿದಾರೆ ಕಣಮ್ಮ" ಅಂದೆ.

"ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕುತ್ತೆ" ಅಂತ ಅಮ್ಮ ಒಳಗೆ ಹೋದಳು.