ಮಲೆನಾಡಿನ ಹೈಸ್ಕೂಲಿಗೆ ವ್ಯವಹಾರ ಅಧ್ಯಯನ ಪ್ರತ್ಯೇಕ ವಿಷಯವಾಗಬೇಕೆ?

ಪರ

ತೀರ್ಥಹಳ್ಳಿ, ಹೊಸನಗರದ ಕಡೆಯ ಹತ್ತನೇ ಕ್ಲಾಸಿನ ಹುಡುಗನಿಗೆ ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ದಿನದ ಧಾರಣೆ ಅಪ್ಪನ ಮೊಬೈಲಿಗೇ ಬರುತ್ತದೆ. ಆದರೆ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟರೆ ಲಾಭವೋ, ಕೊಯ್ಸಿ ಬೇಯಿಸಿ ಒಣಗಿಸಿ ಮಂಡಿಗೆ ಹಾಕಿದರೆ ಲಾಭವೋ ಎಂದು ಅವನನ್ನು ಕೇಳಿ ನೋಡಿ. ಕ್ವಿಂಟಾಲ್ ಹಸಿ ಅಡಿಕೆ ಒಣಗಿ ಕೈಗೆ ಸಿಗುವುದು ಹೆಚ್ಚುಕಮ್ಮಿ 12ರಿಂದ 14 ಕೆ.ಜಿ. ಗೊನೆ ಕೊಯ್ಯುವ ಕೊನೆಗಾರನ ಕೂಲಿ, ಸುಲಿಯುವವರ ಕೂಲಿ, ಕಟ್ಟಿಗೆ, ಗಾಡಿ ಬಾಡಿಗೆ ಎಲ್ಲ ಅದರಲ್ಲೇ ಹುಟ್ಟಬೇಕು. ಇದನ್ನು ಬರೆದು ಕೂಡಿಸಿ ನೋಡಿದ ಮನೆ ಅಪರೂಪ. ಮಂಡಿಯಿಂದ ಮುಂಗಡ ತಂದರೆ ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಅಗ್ಗವೆನಿಸುತ್ತದೆ. ಅದು ತಿಂಗಳಿಗೆ, ವರ್ಷಕ್ಕೆ 24 ಎಂದು ಹೊಳೆಯುವಷ್ಟರಲ್ಲಿ ಮಂಡಿಯವರು ಕೊಡುವ ಲೆಕ್ಕದ ಪಟ್ಟಿಯಲ್ಲಿ ಮುರಿದುಕೊಂಡಾಗಿರುತ್ತದೆ. ಅಡಿಕೆ ಮಾರಾಟದ ಸಹಕಾರ ಸಂಘವಾದ ಮಾಮ್‌ಕೋಸ್‌ನ ಷೇರುದಾರನ ಮಗನಿಗೆ ಷೇರು, ಡಿವಿಡೆಂಡ್ ಅರ್ಥವಾಗಲು ಪಿಯುಸಿಯಲ್ಲಿ ಕಾಮರ್ಸ್ ತಗೊಳ್ಳುವವರೆಗೆ ಕಾಯಬೇಕೆ? ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ ತೋಟಕ್ಕಿಳಿಯುವವನಿಗೆ ಆ ಪಾಠ ಸಿಗುವುದೇ ಇಲ್ಲ.

ವಿರೋಧ

ಹೀಗೆ ಕೇಳುವವರು ಈಗಿನ ಪುಸ್ತಕ ತೆರೆದು ನೋಡಿಲ್ಲವೇನೋ. ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನದಲ್ಲಿ ವ್ಯವಹಾರ ಅಧ್ಯಯನ ಈಗಾಗಲೇ ಇದೆ. ಹತ್ತನೇ ತರಗತಿಯಲ್ಲಿ ಬ್ಯಾಂಕ್ ವ್ಯವಹಾರ, ಉದ್ಯಮಶೀಲತೆ, ಗ್ರಾಹಕ ರಕ್ಷಣೆ ಮೂರೂ ಬರುತ್ತವೆ. ಇತಿಹಾಸ, ಭೂಗೋಳವೆಲ್ಲ ಮುಗಿದ ಮೇಲೆ ಪರೀಕ್ಷೆ ಹತ್ತಿರ ಬಂದಾಗ ಅದನ್ನು ಓಡಿಸುತ್ತಾರೆ. ‘ಉದ್ಯಮಿಯ ಗುಣಗಳನ್ನು ಪಟ್ಟಿ ಮಾಡಿ’ ಎಂದರೆ ಮಕ್ಕಳು ಉರು ಹೊಡೆದು ಬರೆದು ಅಂಕವನ್ನೂ ತೆಗೆಯುತ್ತಾರೆ. ಬೇರೆ ಪುಸ್ತಕ ಮಾಡಿದರೆ ಉರು ಹೊಡೆಯುವ ಪುಟ ಹೆಚ್ಚೀತು, ಅಷ್ಟೇ. ಅದನ್ನು ಕಲಿಸುವವರೂ ಅದೇ ಸಮಾಜದ ಮೇಷ್ಟ್ರು. ಚುನಾವಣೆ ಬಂದರೆ ಡ್ಯೂಟಿಯೂ ಅವರಿಗೇ. ಆಗುಂಬೆ ಸೀಮೆಯಲ್ಲಂತೂ ಮಳೆ ರಜೆ ಕೊಟ್ಟ ದಿನಗಳನ್ನು ಆಮೇಲೆ ತುಂಬಿಸುವುದರಲ್ಲೇ ಸಾಕುಬೇಕಾಗಿರುತ್ತದೆ.

ಬಡ್ಡಿಯ ಮಾತು ಒಪ್ಪತಕ್ಕದ್ದೇ. ಆದರೆ ಅದು ಶೇಕಡಾ ಲೆಕ್ಕ. ಎಂಟನೇ ಕ್ಲಾಸಿಗೆ ಬಂದರೂ ಶೇಕಡಾ ಕೈಗೆ ಹತ್ತದ ಮಕ್ಕಳಿದ್ದಾರೆ; ಅವರ ಮುಂದೆ ಆದಾಯ-ವೆಚ್ಚದ ತಃಖ್ತೆ ಇಟ್ಟರೆ ಏನು ಬಂತು? ಮಂಡಿ ಪಟ್ಟಿಯನ್ನೇ ಗಣಿತದ ಪೀರಿಯಡ್ಡಿಗೆ ತರಿಸಿ ತೂಕ, ದರ, ಬಡ್ಡಿ ಕೂಡಿಸಿ ಕಳೆಯಲಿ. (ಹೆಸರು ಮುಚ್ಚಿಯೇ ತರಿಸಬೇಕು, ಯಾರ ಮನೆಯ ಸಾಲ ಎಷ್ಟೆಂದು ಊರಿಗೆಲ್ಲ ಡಂಗುರ ಆಗಬಾರದು.) ಇಲಾಖೆ ಒಂದು ಹೊಸ ಹುದ್ದೆ ಮಂಜೂರು ಮಾಡುವುದಾದರೆ ಗಣಿತಕ್ಕೇ ಮಾಡಲಿ.